ಕ್ಲೋಸ್ ಟು ದಿ ಎಡ್ಜ್: ಜಗಳ ಹಾಡಿನ ಮೇಲೋ, ವಾಲ್ಯೂಮಿನ ಮೇಲೋ?

ಬ್ರಿಟನ್ನಿನ ರಾಕ್ ತಂಡ ಯೆಸ್, ಅವರ 'ಕ್ಲೋಸ್ ಟು ದಿ ಎಡ್ಜ್' ಆಲ್ಬಮ್ಮಿನ ವಿಷಯ ಎತ್ತಿದ್ರೆ ಸಾಕು, ಕೇಳುಗರು ಎರಡು ಪಂಗಡ ಆಗ್ತಾರೆ. ಒಂದು ಕಡೆಯವರಿಗೆ ಪ್ರೋಗ್ರೆಸಿವ್ ರಾಕ್ (ಉದ್ದುದ್ದ, ಜಟಿಲ ರಚನೆಗಳ ರಾಕ್) ಅಂದ್ರೆ ಇದೇ, ಇದರ ಮುಂದೆ ಇನ್ನೊಂದಿಲ್ಲ. ಇನ್ನೊಂದು ಕಡೆಯವರು ಮೂರು ನಿಮಿಷಕ್ಕೇ ಕೈ ಮುಗಿದು ಎದ್ದು ಹೋಗ್ತಾರೆ. ಇಬ್ಬರನ್ನೂ ಕೂರಿಸಿ ವಿಚಾರಿಸಿದ್ರೆ ಒಂದು ವಿಷಯ ಗೊತ್ತಾಗುತ್ತೆ: ಇಬ್ಬರೂ ಕೇಳಿರೋದು ಒಂದೇ ಆಲ್ಬಮ್ ಅಲ್ಲ. ಪ್ರತಿ ಬೇರೆ, ವಾಲ್ಯೂಮ್ ಬೇರೆ, ಸ್ಪೀಕರ್ ಬೇರೆ.

ಮೊದಲು ಲೆಕ್ಕ ಹೇಳಿಬಿಡ್ತೀನಿ. 1972ರ ಸೆಪ್ಟೆಂಬರ್‌ನಲ್ಲಿ ಬಂದ ಆಲ್ಬಮ್. ರೆಕಾರ್ಡ್ ಆಗಿದ್ದು ಲಂಡನ್ನಿನ ಅಡ್ವಿಷನ್ ಸ್ಟುಡಿಯೋದಲ್ಲಿ, ಎಂಜಿನಿಯರ್ ಎಡ್ಡಿ ಆಫರ್ಡ್. ಗಾಯನ ಜಾನ್ ಆಂಡರ್ಸನ್, ಬೇಸ್ ಕ್ರಿಸ್ ಸ್ಕ್ವೈರ್, ಗಿಟಾರ್ ಸ್ಟೀವ್ ಹೋ, ಕೀಬೋರ್ಡ್ ರಿಕ್ ವೇಕ್‌ಮನ್, ಡ್ರಮ್ ಬಿಲ್ ಬ್ರೂಫರ್ಡ್, ಈ ಐದು ಜನ. ಹಾಡು ಮೂರೇ. ಆಲ್ಬಮ್ಮಿನದೇ ಹೆಸರಿನ ಹಾಡು ಹದಿನೆಂಟೂವರೆ ನಿಮಿಷ ದಾಟುತ್ತೆ, ಎಲ್‌ಪಿಯ ಒಂದು ಬದಿ ಪೂರ್ತಿ ಅದಕ್ಕೇ. ಇನ್ನೊಂದು ಬದಿಯಲ್ಲಿ 'ಆಂಡ್ ಯು ಆಂಡ್ ಐ', 'ಸೈಬೀರಿಯನ್ ಖಾತ್ರು'.

ಈಗ ಮೊದಲನೇ ದೂರು: "ಶುರುವಿನಲ್ಲೇ ಬರೀ ಗದ್ದಲ." ದೂರು ಸುಳ್ಳಲ್ಲ, ಆದ್ರೆ ಅದರಲ್ಲಿ ಕೇಳುಗರ ಕೈವಾಡವೂ ಇದೆ. ಹೆಸರಿನ ಹಾಡು ಶುರುವಾಗೋದು ಹಕ್ಕಿ ಕೂಗು, ನೀರಿನ ಸದ್ದಿನಿಂದ. ಅದೂ ಸೊನ್ನೆಯಿಂದ ನಿಧಾನಕ್ಕೆ ಏರುತ್ತಾ ಬರುತ್ತೆ. ಏನೂ ಕೇಳ್ತಿಲ್ವಲ್ಲ ಅಂತ ನಾವು ವಾಲ್ಯೂಮ್ ಏರಿಸ್ತೀವಿ. ಸುಮಾರು ಒಂದು ನಿಮಿಷ ಆಗ್ತಿದ್ದ ಹಾಗೆ ಇಡೀ ತಂಡ ಒಟ್ಟಿಗೆ ಮೇಲೆ ಬೀಳುತ್ತೆ. ಹಾಗಾಗಿ ವಾಲ್ಯೂಮನ್ನ ಹಕ್ಕಿ ಕೂಗು ಕೇಳಿ ಹೊಂದಿಸಬೇಡಿ. ನೇರ ಎರಡನೇ ನಿಮಿಷಕ್ಕೆ ಹೋಗಿ, ಅಲ್ಲಿ ಕಿವಿಗೆ ಹಿತವಾಗೋ ಮಟ್ಟ ಇಟ್ಟುಕೊಂಡು, ಮತ್ತೆ ಮೊದಲಿಗೆ ಬನ್ನಿ. ಹಕ್ಕಿ ಸಣ್ಣಗೆ ಕೇಳಿದ್ರೆ ಕೇಳಲಿ ಬಿಡಿ.

ಆ ಗದ್ದಲದೊಳಗೆ ದಾರಿ ಬೇಕಾದ್ರೆ ಗಿಟಾರ್ ಹಿಂದೆ ಓಡಬೇಡಿ, ಬೇಸ್ ಹಿಡಿಯಿರಿ. ಸ್ಕ್ವೈರ್ ಅವರ ರಿಕನ್‌ಬ್ಯಾಕರ್ ಬೇಸ್ ಗಿಟಾರ್ ಮೆಟ್ಟಿಲು ಹತ್ತಿದ ಹಾಗೆ ಏರುತ್ತೆ, ಮತ್ತೆ ಕೆಳಗಿಂದ ಶುರು ಮಾಡುತ್ತೆ. ಹೋ ಗಿಟಾರ್ ಅದರ ಮೇಲೆ ಅಡ್ಡಾದಿಡ್ಡಿ ಓಡ್ತಿರುತ್ತೆ. ನಡುನಡುವೆ "ಆ..." ಅಂತ ಗಾಯನ ಬಂದು ಎಲ್ಲವನ್ನೂ ಗಕ್ಕನೆ ನಿಲ್ಲಿಸುತ್ತೆ. ಆ ನಿಲುಗಡೆಗಳನ್ನ ಗುರುತಿಟ್ಟುಕೊಂಡ್ರೆ ಗದ್ದಲಕ್ಕೆ ಒಂದು ಆಕಾರ ಬರುತ್ತೆ.

"ಬೇಸ್ ಬೇಸ್ ಥರ ಇಲ್ಲ, ತಂತಿ ಕಿರಿಚುತ್ತೆ" ಅನ್ನೋರೂ ಇದ್ದಾರೆ. ಅದು ಸ್ಕ್ವೈರ್ ಶೈಲಿ ಸ್ವಾಮಿ. ಪಿಕ್ ಹಿಡಿದು ನುಡಿಸೋದು, ಟ್ರೆಬಲ್ ಮುಂದೆ ಇಡೋದು. ಫೋನಿನ ಸ್ಪೀಕರಿನಲ್ಲಿ ಆ ಕಿರಿಚಾಟ ಮಾತ್ರ ಉಳಿಯುತ್ತೆ, ಕೆಳಗಿನ ಗುಮ್ಮೆನ್ನೋ ಭಾಗ ಹೋಗೇ ಬಿಡುತ್ತೆ. ಒಂದೇ ಕಿವಿಗೆ ಇಯರ್‌ಬಡ್ ಹಾಕಿ ಕೇಳಿದ್ರೂ ನಷ್ಟವೇ. ಗಿಟಾರು, ಕೀಬೋರ್ಡು ಎಡಬಲ ಹಂಚಿಕೊಂಡಿರೋ ಕಡೆ ಯಾವುದೋ ಒಂದು ಕೈ ತಪ್ಪುತ್ತೆ.

ಸಾಹಿತ್ಯದ ಬಗ್ಗೆ ಹೆಚ್ಚು ಹೇಳೋದಿಲ್ಲ. ಆಂಡರ್ಸನ್ ಸಾಲುಗಳಿಗೆ ಪದಪದಕ್ಕೂ ಅರ್ಥ ಹುಡುಕಿ ಸೋತವರೇ ಜಾಸ್ತಿ. ಪ್ರೇರಣೆ ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿ, ಅದರೊಳಗಿನ ನದಿ. ಅಂದ ಹಾಗೆ ಹೆಸ್ಸೆಯ ಅಪ್ಪ, ತಾಯಿಯ ತಂದೆ ಹರ್ಮನ್ ಗುಂಡರ್ಟ್, ಇಬ್ಬರೂ ಭಾರತಕ್ಕೆ ಬಂದಿದ್ದ ಬಾಸೆಲ್ ಮಿಶನ್ನಿನವರು. ನಮ್ಮ ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿದ್ದೂ ಅದೇ ಮಿಶನ್ನಿನ ಪ್ರೆಸ್ಸಿನಲ್ಲಿ.

ಹೆಚ್ಚಿನವರು ಒಪ್ಪೋ ಜಾಗ ಒಂದಿದೆ: ಹೆಸರಿನ ಹಾಡಿನಲ್ಲಿ ಎಂಟೂವರೆ ನಿಮಿಷದ ಆಸುಪಾಸಿನಲ್ಲಿ ಶುರುವಾಗೋ ಮೂರನೇ ಭಾಗ, 'ಐ ಗೆಟ್ ಅಪ್, ಐ ಗೆಟ್ ಡೌನ್'. ಡ್ರಮ್ ಇಲ್ಲ. ಆಂಡರ್ಸನ್ ಒಂದು ಸಾಲು ಹಾಡ್ತಿದ್ದ ಹಾಗೇ ಸ್ಕ್ವೈರ್, ಹೋ ಬೇರೆ ಸಾಲು ಹಿಡೀತಾರೆ, ಎರಡೂ ಒಂದರ ಮೇಲೊಂದು. ಆಮೇಲೆ ಬರೋ ಪೈಪ್ ಆರ್ಗನ್ ಸ್ಟುಡಿಯೋದ್ದಲ್ಲ. ಲಂಡನ್ನಿನ ಬಾರ್ಬಿಕನ್ ಪಕ್ಕದ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನಲ್ಲಿ ವೇಕ್‌ಮನ್ ನುಡಿಸಿದ್ದು. ಇದನ್ನ ಆಡಂಬರ ಅನ್ನೋರು ಒಮ್ಮೆ ಸಬ್‌ವೂಫರ್ ಇರೋ ಕಡೆ, ಇಲ್ಲಾ ಒಳ್ಳೆ ಹೆಡ್‌ಫೋನಿನಲ್ಲಿ ಕೇಳಬೇಕು. ಕಾಲಿನಿಂದ ನುಡಿಸೋ ಪೆಡಲ್ಲಿನ ಕೆಳಗಿನ ಸ್ವರ ಕೇಳದೆ ಆರ್ಗನ್ ಬಗ್ಗೆ ತೀರ್ಪು ಕೊಡೋದು ಅನ್ಯಾಯ.

ಎಲ್‌ಪಿಯವರ ದೂರು ಬೇರೆ: "ಕೊನೆಗೆ ದನಿ ಒಡೆಯುತ್ತೆ." ಇದಕ್ಕೆ ಕಾರಣ ಬರೀ ಲೆಕ್ಕ. ತಟ್ಟೆ ತಿರುಗೋದು ನಿಮಿಷಕ್ಕೆ 33⅓ ಸುತ್ತು. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತೆ, ಲೇಬಲ್ ಹತ್ತಿರ ಬರೀ 21. ಅಷ್ಟೇ ಸಂಗೀತ, ಅರ್ಧಕ್ಕಿಂತ ಕಮ್ಮಿ ಜಾಗ. ಹೆಸರಿನ ಹಾಡಿನಲ್ಲಿ ಎತ್ತರದ ಗಾಯನ ಬರೋದೂ ಅಲ್ಲೇ. ಗುಂಡು ತುದಿಯ ಸೂಜಿ ಇದ್ರೆ ಅಂಡಾಕಾರದ ತುದಿಯ ಎಲಿಪ್ಟಿಕಲ್‌ಗೆ, ಸಾಧ್ಯವಾದ್ರೆ ಇನ್ನೂ ಸಣ್ಣ ಅಂಚಿನ ಮೈಕ್ರೋಲೈನ್‌ಗೆ ಬದಲಾಯಿಸಿ. ಕಾರ್ಟ್ರಿಜ್ (ಸೂಜಿ ಕೂರೋ ಭಾಗ) ಸರಿಯಾದ ಕೋನದಲ್ಲಿ ಕೂತಿದೆಯಾ ನೋಡಿ, ಸೂಜಿಯ ಭಾರವನ್ನ ತಯಾರಕರು ಹೇಳಿದಷ್ಟೇ ಇಡಿ. ಸೂಜಿ ಹಗುರ ಆದ್ರೆ ಹಾರುತ್ತೆ, ಗೀರಿಗೆ ಹಾನಿ ಮಾಡೋದು ಅದೇ. ಇಷ್ಟಾದ್ರೂ ಒಡೆದ್ರೆ ಆ ಪ್ರತಿ ಸವೆದಿರೋ ಸಾಧ್ಯತೆ ಹೆಚ್ಚು. ಹಳೇ ಪ್ರತಿ ಕೊಳ್ಳುವಾಗ ಹಾಗಾಗಿ ಮೊದಲ ಎರಡು ನಿಮಿಷ ಅಲ್ಲ, ಕೊನೆಯ ಎರಡು ನಿಮಿಷ ಹಾಕಿಸಿ ಕೇಳಿ.

ಸಿಡಿಯಲ್ಲಿ 2003ರ ರೈನೋ ಕಂಪನಿಯ ಪ್ರತಿಯಲ್ಲಿ ಹೆಚ್ಚುವರಿ ಹಾಡುಗಳಿವೆ, ಆದ್ರೆ ಮೇಲಿನ ಸ್ವರ ಚುಚ್ಚುತ್ತೆ ಅಂತ ಹಲವರ ಗೊಣಗಾಟ. 2013ರಲ್ಲಿ ಸಂಗೀತಗಾರ ಸ್ಟೀವನ್ ವಿಲ್ಸನ್ ಮೂಲ ಟೇಪುಗಳಿಂದ ಹೊಸದಾಗಿ ಮಿಕ್ಸ್ ಮಾಡಿದ್ರು, ಅಂದ್ರೆ ಒಂದೊಂದು ವಾದ್ಯದ ಮಟ್ಟವನ್ನೂ ಮತ್ತೆ ಹೊಂದಿಸಿದ್ರು. ಗಾಯನದ ಪದರಗಳು, ಬ್ರೂಫರ್ಡ್ ಸ್ನೇರ್ ಡ್ರಮ್ ಬಿಡಿಸಿಟ್ಟ ಹಾಗೆ ಕೇಳುತ್ತೆ. ಹಳಬರ ತಕರಾರು ಅದೇ: ಬಿಡಿಸಿದ್ದೇ ತಪ್ಪು, ಆ ದಟ್ಟಣೆ ಬೇಕಿತ್ತು. ನನ್ನ ಮತ ಹೇಳೋದಾದ್ರೆ, ಹೆಸರಿನ ಹಾಡಿಗೆ ಹಳೇ ಮಿಕ್ಸೇ ಸರಿ, 'ಆಂಡ್ ಯು ಆಂಡ್ ಐ'ಗೆ ವಿಲ್ಸನ್ ಮಿಕ್ಸ್. ಅಲ್ಲಿ ಮೆಲೋಟ್ರಾನ್ (ಟೇಪಿನಿಂದ ದನಿ ಹೊರಡಿಸೋ ಕೀಬೋರ್ಡ್) ಮೇಲೆ ಸ್ಟೀಲ್ ಗಿಟಾರ್ ಏಳೋವಾಗ ಉಸಿರಾಡೋಕೆ ಜಾಗ ಬೇಕು.

ಸ್ಟ್ರೀಮಿಂಗಿನಲ್ಲಿ ಕೇಳೋರು ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನ ಮುಂದಿನದರ ಶುರುವಿಗೆ ಬೆರೆಸೋ ಸೌಲಭ್ಯ) ಆಫ್ ಮಾಡಿ, ಇದು ಕಡ್ಡಾಯ. ಮೊದಲ ಹಾಡು ಮತ್ತೆ ಹಕ್ಕಿ ಕೂಗಿನಲ್ಲಿ ಕರಗುತ್ತೆ. ಎರಡನೇದು ಶುರುವಾಗೋದು ಹನ್ನೆರಡು ತಂತಿ ಗಿಟಾರಿನ ಸಣ್ಣ ಹಾರ್ಮೋನಿಕ್ಸ್‌ನಿಂದ, ಜೊತೆಗೆ "ಓಕೆ" ಅನ್ನೋ ಒಂದು ಮಾತು. ಕ್ರಾಸ್‌ಫೇಡ್ ಇದ್ರೆ ಎರಡೂ ಕಲಸುಮೇಲೋಗರ.

'ಸೈಬೀರಿಯನ್ ಖಾತ್ರು' ತಾಳ ಸಿಗಲ್ಲ ಅನ್ನೋರಿಗೆ: ಮುಖ್ಯ ರಿಫ್ (ಮತ್ತೆ ಮತ್ತೆ ಬರೋ ಸ್ವರಗುಚ್ಛ) 15 ಎಣಿಕೆ. "ತಕಧಿಮಿ ತಕಧಿಮಿ, ತಕಿಟ ತಕಧಿಮಿ" ಅಂತ ಎಂಟು, ಏಳು ಹೇಳಿಕೊಂಡು ತೊಡೆ ತಟ್ಟಿ. ತಪ್ಪೋದು ಸಾಮಾನ್ಯವಾಗಿ ಏಳರ ಕೊನೆಯಲ್ಲಿ, ಎಂಟು ಮಾಡೋ ಚಪಲಕ್ಕೆ. ಒಂದು ಎಣಿಕೆ ಹೆಚ್ಚಾದ್ರೆ ಮುಂದಿನ ಸುತ್ತಿಗೆ ನೀವು ಹಿಂದೆ ಬೀಳ್ತೀರಿ.

ಇನ್ನು ಬ್ರೂಫರ್ಡ್ ಇದ್ದಿದ್ದಕ್ಕೇ ಈ ಆಲ್ಬಮ್ ನಿಂತಿದೆ ಅನ್ನೋ ವಾದ. ರೆಕಾರ್ಡಿಂಗ್ ಮುಗಿದ ಮೇಲೆ ಅವರು ಕಿಂಗ್ ಕ್ರಿಮ್ಸನ್ ಅನ್ನೋ ಇನ್ನೊಂದು ತಂಡಕ್ಕೆ ಹೋದ್ರು. ಅವರ ಜಾಗಕ್ಕೆ ಬಂದ ಡ್ರಮ್ಮರ್ ಅಲನ್ ವೈಟ್ ಕೆಲವೇ ದಿನದಲ್ಲಿ ಎಲ್ಲ ಕಲಿತು ಪ್ರವಾಸಕ್ಕೆ ಹೊರಟರು. ವಾದ ಪರೀಕ್ಷೆ ಮಾಡಬೇಕಾದ್ರೆ 1973ರ ಲೈವ್ ಆಲ್ಬಮ್ 'ಯೆಸ್‌ಸಾಂಗ್ಸ್' ತೆಗೀರಿ. ಈ ಮೂರೂ ಹಾಡು ಅಲ್ಲಿವೆ, ಮೂರರಲ್ಲೂ ವೈಟ್. ಏಟು ಭಾರ, ಮೂಲೆಗಳು ಕಮ್ಮಿ ಚೂಪು. ಬ್ರೂಫರ್ಡ್ ಕೂಡ ಅದರಲ್ಲಿದ್ದಾರೆ, ಆದ್ರೆ 'ಪರ್ಪೆಚುವಲ್ ಚೇಂಜ್' ಥರದ ಹಳೇ ಹಾಡುಗಳಲ್ಲಿ ಮಾತ್ರ. ಅವನ್ನ ಇದರ ಪಕ್ಕ ಇಟ್ಟು ಹೋಲಿಸಬೇಡಿ.