ಪಾಚಿಗೊಂದು ಜಾಗ ಕೊಡಿ

ಕೇಳುಗರಿಗೆ ನಮಸ್ಕಾರ.

ನಮ್ಮ ಹಳೆ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಅದರ ಮೇಲಿನ ನಲ್ಲಿ ಪೂರ್ತಿ ನಿಂತದ್ದನ್ನು ನಾನು ನೋಡಿಲ್ಲ. ವಾಷರ್ ಬದಲಿಸಿದರೆ ಎರಡು ದಿನ ಸುಮ್ಮನಿರುತ್ತಿತ್ತು, ಮೂರನೇ ದಿನ ಮತ್ತೆ ತೊಟ್ಟಿಕ್ಕುತ್ತಿತ್ತು. ಆ ನೀರು ಕಲ್ಲಿನ ಮೇಲೆ ಹರಿಯುವ ಗೆರೆಯುದ್ದಕ್ಕೂ ದಟ್ಟ ಹಸಿರು ಪಾಚಿ. ಅಮ್ಮ ತೆಂಗಿನ ನಾರು ಹಿಡಿದು ತಿಕ್ಕಿ ತೆಗೆಯುತ್ತಿದ್ದರು. ಮುಂದಿನ ವಾರ ಅದೇ ಗೆರೆ, ಅದೇ ಹಸಿರು. ಕಾಲು ಜಾರಿ ಬಿದ್ದವರ ಲೆಕ್ಕ ಬೇರೆ.

ಈ ಕಲ್ಲು ನನಗೆ ಮತ್ತೆ ನೆನಪಾದದ್ದು ಮನೆಗೆ ಮೀನು ತಂದಮೇಲೆ. ಎರಡೂವರೆ ಅಡಿ ಉದ್ದದ ಗಾಜಿನ ಟ್ಯಾಂಕ್, ಸುಮಾರು 85 ಲೀಟರ್ ನೀರು, ನಾಲ್ಕು ಗೋಲ್ಡ್ ಫಿಶ್. ತಿಂಗಳೊಳಗೆ ಗಾಜಿನ ಮೇಲೆಲ್ಲ ಪಾಚಿ. ಒರೆಸಿದೆ. ಮತ್ತೆ ಬಂತು. ಒಂದು ಭಾನುವಾರ ಸಿಟ್ಟು ಬಂದು ಕಲ್ಲು, ಮರಳು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ನೀರಿನಲ್ಲಿ ಫಳಫಳ ಹೊಳೆಯುವ ಹಾಗೆ ತೊಳೆದುಬಿಟ್ಟೆ. ವಾರದೊಳಗೆ ಎರಡು ಮೀನು ಸತ್ತವು. ತಪ್ಪು ಪೂರ್ತಿ ನನ್ನದೇ.

ಆಗಿದ್ದು ಏನು ಅಂದರೆ, ಮೀನು ತಿಂದದ್ದರಲ್ಲಿ ಒಂದಷ್ಟು ಅಮೋನಿಯಾ ಆಗಿ ಹೊರಗೆ ಬರುತ್ತದೆ. ಹೆಚ್ಚಿನ ಪಾಲು ಕಿವಿರಿನಿಂದಲೇ ಬರುತ್ತದೆ. ಈ ಅಮೋನಿಯಾ ಮೀನಿಗೆ ವಿಷ. ಸ್ಪಂಜಿನಲ್ಲಿ, ಮರಳಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ಬೇರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಅಷ್ಟೇನೂ ಅಪಾಯದ್ದಲ್ಲ. ನಾನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಸ್ಪಂಜು ತೊಳೆದು ಆ ಬ್ಯಾಕ್ಟೀರಿಯಾಗಳನ್ನೇ ಸಾಯಿಸಿದ್ದೆ. ಸ್ಪಂಜನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಹಿಂಡಬೇಕು ಅಂತ ಆಮೇಲೆ ಕಲಿತೆ. ಎರಡು ಮೀನಿನ ಬೆಲೆಗೆ.

ಆದರೆ ನೈಟ್ರೇಟ್ ಎಲ್ಲಿಗೆ ಹೋಗಬೇಕು? ಮಾಮೂಲಿ ಫಿಲ್ಟರಿನ ಕೆಲಸ ಅಲ್ಲಿಗೆ ಮುಗಿಯಿತು. ಅದು ನೀರಿನಲ್ಲೇ ಕೂಡುತ್ತಾ ಹೋಗುತ್ತದೆ. ಜೊತೆಗೆ ಮೀನಿನ ಆಹಾರದ ಫಾಸ್ಫೇಟ್ ಕೂಡ. ಎರಡೂ ಗಿಡಕ್ಕೆ ಗೊಬ್ಬರ. ಗೊಬ್ಬರ ಇದೆ, ನೀರಿದೆ, ಬೆಳಕಿದೆ. ಪಾಚಿ ಬಾರದೆ ಇನ್ನೇನು ಬರಬೇಕು? ವಾರಕ್ಕೊಮ್ಮೆ ನೀರು ಬದಲಿಸುವುದು ಈ ಗೊಬ್ಬರ ಹೊರಗೆ ಹಾಕಲಿಕ್ಕೆ. ಕೆಲವು ಕಡೆ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಜಾಸ್ತಿ ಇರುತ್ತದೆ. ಅಂಥಲ್ಲಿ ಬದಲಿಸಿದ ಹೊಸ ನೀರೂ ಗೊಬ್ಬರವನ್ನೇ ಹೊತ್ತು ತರುತ್ತದೆ.

ಪಾಚಿ ಹೇಗೂ ಬೆಳೆಯುತ್ತದೆ. ಬೇಡ ಅಂದರೆ ಕೇಳುವ ಜಾತಿಯಲ್ಲ. ಹಾಗಿದ್ದಮೇಲೆ ಟ್ಯಾಂಕಿನ ಹೊರಗೆ, ಗಾಜಿಗಿಂತ ಒಳ್ಳೆಯ ಜಾಗ ಅದಕ್ಕೆ ಕೊಟ್ಟರೆ ಹೇಗೆ? ಒರಟು ಮೈ, ತೆಳುವಾಗಿ ಹರಿಯುವ ನೀರು, ಜೋರು ಬೆಳಕು. ಹಿತ್ತಲ ಕಲ್ಲಿನಲ್ಲಿ ಇದ್ದದ್ದೂ ಇವೇ ಮೂರು. ಅಲ್ಲಿ ಪಾಚಿ ಹುಲುಸಾಗಿ ಬೆಳೆದು ಗೊಬ್ಬರವನ್ನೆಲ್ಲ ತಿನ್ನುತ್ತದೆ, ಟ್ಯಾಂಕಿನೊಳಗಿನ ಪಾಚಿ ಉಪವಾಸ ಬೀಳುತ್ತದೆ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಎಂಬ ವಿಜ್ಞಾನಿ ಕೆರಿಬಿಯನ್ ಕಡಲಿನ ಹವಳದ ದಿಬ್ಬಗಳನ್ನು ಅಭ್ಯಾಸ ಮಾಡುತ್ತಿದ್ದರು. ಅಲೆ ಬಡಿಯುವ ಬಂಡೆಗಳ ಮೇಲೆ ಗಿಡ್ಡ ಹುಲ್ಲುಹಾಸಿನಂಥ ಪಾಚಿ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಅದನ್ನೇ ಬಳಸಿ ಹವಳದ ಟ್ಯಾಂಕುಗಳ ನೀರು ಶುದ್ಧ ಮಾಡಿದರು. 1982ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವರ ಸಾಧನದಲ್ಲಿ ಬಕೆಟ್ ತುಂಬಿ ಮಗುಚಿ ಅಲೆಯ ಹಾಗೆ ನೀರು ಸುರಿಯುತ್ತಿತ್ತು. ನೀರು ಜಲಪಾತದ ಹಾಗೆ ನೇರ ಇಳಿಯುವ ಸರಳ ರೂಪ ಬಂದದ್ದು ಬಹಳ ತಡವಾಗಿ, ಮನೆಯಲ್ಲಿ ಮೀನು ಸಾಕುವವರ ಕೈಯಲ್ಲಿ. ನಾನು ಮಾಡಿದ್ದೂ ಅದನ್ನೇ.

ಮೊದಲು ಬಲೆ. ಹಿಂದೆ ಹೆಣ್ಣುಮಕ್ಕಳು ಉಲ್ಲನ್ನಿನ ಚೀಲ ಹೆಣೆಯಲು ಬಳಸುತ್ತಿದ್ದ ಚೌಕ ಚೌಕ ತೂತಿನ ಪ್ಲಾಸ್ಟಿಕ್ ನೆಟ್ ನೆನಪಿದೆಯಲ್ವಾ? ಅದೇ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ಎಷ್ಟು ದೊಡ್ಡದು ಬೇಕು ಅನ್ನುವುದು ಟ್ಯಾಂಕಿನ ಅಳತೆಯಿಂದ ಬರುವುದಿಲ್ಲ, ದಿನಕ್ಕೆ ಎಷ್ಟು ಆಹಾರ ಹಾಕುತ್ತೀರಿ ಅನ್ನುವುದರಿಂದ ಬರುತ್ತದೆ. ನಾಲ್ಕಾರು ಚಿಟಿಕೆ ಆಹಾರಕ್ಕೆ 10 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರದ ಬಲೆ ಧಾರಾಳ ಆಯಿತು. ಆದರೆ ನುಣುಪು ಪ್ಲಾಸ್ಟಿಕ್ ಮೇಲೆ ಪಾಚಿ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಗರಗಸದ ಬ್ಲೇಡಿನಿಂದ ಎರಡೂ ಕಡೆ ಚೆನ್ನಾಗಿ ಕೆರೆಯಬೇಕು. ಮುಟ್ಟಿದರೆ ಹಲಸಿನ ಸಿಪ್ಪೆಯ ಹಾಗೆ ಚುಚ್ಚಬೇಕು. ಇದು ಬೇಜಾರಿನ ಕೆಲಸ, ಅರ್ಧ ಗಂಟೆ ಹಿಡಿಯುತ್ತದೆ. ಇಲ್ಲಿ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ದಂಡ.

ಆಮೇಲೆ ಅರ್ಧ ಇಂಚಿನ ಪ್ಲಾಸ್ಟಿಕ್ ಪೈಪು. ಒಂದು ತುದಿಗೆ ಮುಚ್ಚಳ. ಪೈಪಿನ ಅಡಿಯಲ್ಲಿ ಬಲೆಯ ಅಗಲದಷ್ಟು ಉದ್ದಕ್ಕೆ 3 ಮಿಲಿಮೀಟರಿನ ಸೀಳು ಮಾಡಿ, ಬಲೆಯ ಮೇಲಂಚನ್ನು ಅದರೊಳಗೆ ತೂರಿಸಿ. ಇನ್ನೊಂದು ತುದಿಯಿಂದ ಪಂಪು ಟ್ಯಾಂಕಿನ ನೀರು ತಳ್ಳಿದರೆ ಸೀಳಿನಿಂದ ಬಲೆಯ ಎರಡೂ ಮೈ ಮೇಲೆ ತೆಳು ಪರದೆಯ ಹಾಗೆ ಇಳಿದು ಮತ್ತೆ ಟ್ಯಾಂಕಿಗೇ ಬೀಳುತ್ತದೆ. ಬಲೆಯ ಅಗಲದ ಪ್ರತಿ ಸೆಂಟಿಮೀಟರಿಗೆ ಗಂಟೆಗೆ ಸುಮಾರು 50 ಲೀಟರ್ ಹರಿವು ಬೇಕು. ನನ್ನ ಬಲೆಗೆ 500 ಲೀಟರ್. ಹಾಗಂತ 500 ಅಂತ ಬರೆದ ಪಂಪು ತರಬೇಡಿ. ಡಬ್ಬದ ಮೇಲಿನ ಸಂಖ್ಯೆ ನೀರು ಮೇಲೆ ಏರಬೇಕಿಲ್ಲದಾಗಿನ ಲೆಕ್ಕ. ನಾನು 1,000 ಲೀಟರಿನದು ತಂದೆ.

ಬೆಳಕಿಗೆ ಗಿಡ ಬೆಳೆಸಲು ಮಾರುವ ಕೆಂಪು ಎಲ್‌ಇಡಿ ಒಳ್ಳೆಯದು. 660 ನ್ಯಾನೋಮೀಟರ್ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು, ಎಲೆಹಸಿರು ಚೆನ್ನಾಗಿ ಹೀರುವ ಕೆಂಪು ಅದು. ಸಿಗದಿದ್ದರೆ ಹಳದಿ ಛಾಯೆಯ ಮಾಮೂಲಿ ಎಲ್‌ಇಡಿ ಬಲ್ಬೂ ನಡೆಯುತ್ತದೆ. ಬಲೆಯ ಎರಡೂ ಕಡೆ ಒಂದೊಂದು, ಗೇಣಿಗಿಂತ ಹತ್ತಿರ. ದಿನಕ್ಕೆ 12ರಿಂದ 18 ಗಂಟೆ. ಟೈಮರ್ ಹಾಕಿಬಿಡಿ. ಬೆಳಕು ಟ್ಯಾಂಕಿಗೆ ಬೀಳದಂತೆ ಹಳೆ ಡಬ್ಬವನ್ನೋ ರಟ್ಟನ್ನೋ ಅಡ್ಡ ಇಡಿ. ಇಲ್ಲದಿದ್ದರೆ ಒಳಗಿನ ಪಾಚಿಗೂ ಹಬ್ಬ. ನೀರಿನ ಪಕ್ಕ ಕರೆಂಟು ಅನ್ನುವುದನ್ನು ಮರೆಯಬೇಡಿ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೆ ಹೋಗಬೇಕು. ಆಗ ವೈರಿನ ಮೇಲೆ ಹರಿದ ಹನಿ ಪ್ಲಗ್ಗಿಗೆ ಹೋಗದೆ ಕೆಳಗೆ ಬೀಳುತ್ತದೆ. ಕೈ ಹಾಕುವ ಮೊದಲು ಸ್ವಿಚ್ ಆರಿಸಿ.

ಇಷ್ಟೆಲ್ಲ ಜಾಣತನ ತೋರಿಸಿದವನು ನಾನು, ಆದರೂ ಒಂದು ಬೆಳಿಗ್ಗೆ ಎದ್ದಾಗ ಹಾಲ್ ತುಂಬ ನೀರು. ಪಾಚಿ ಮೇಲೇರಿ ಪೈಪಿನ ಸೀಳಿನೊಳಗೇ ಬೆಳೆದಿತ್ತು. ದಾರಿ ಕಟ್ಟಿದ ನೀರು ಪಕ್ಕಕ್ಕೆ ಚಿಮ್ಮಿ ರಾತ್ರಿಯಿಡೀ ನೆಲಕ್ಕೆ ಬಿದ್ದಿದೆ. ಪಂಪನ್ನು ಟ್ಯಾಂಕಿನ ತಳದಲ್ಲಿ ಇಟ್ಟಿದ್ದೆ, ಹಾಗಾಗಿ ಅರ್ಧಕ್ಕಿಂತ ಜಾಸ್ತಿ ನೀರು ಖಾಲಿ. ಮೀನುಗಳು ಉಳಿದವು, ಚಾಪೆ ಉಳಿಯಲಿಲ್ಲ. ಈಗ ಪಂಪು ನೀರಿನ ಮೇಲ್ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿದೆ. ಏನೇ ಆದರೂ ಅಷ್ಟೇ ನೀರು ಹೋಗುವುದು. ಸೀಳಿನ ಮೇಲೆ ಕಪ್ಪು ಪ್ಲಾಸ್ಟಿಕ್ ಸುತ್ತಿದ್ದೇನೆ. ಕತ್ತಲಲ್ಲಿ ಪಾಚಿ ಬರುವುದಿಲ್ಲ.

ಮೊದಲ ವಾರ ಏನೂ ಕಾಣುವುದಿಲ್ಲ. ಆಮೇಲೆ ಕಂದು ಲೋಳೆ ಬರುತ್ತದೆ. ಅದನ್ನು ನೋಡಿ ಕೈಬಿಡುವವರೇ ಜಾಸ್ತಿ. ಮೆಲ್ಲಗೆ ಒರೆಸಿ ತೆಗೆದು ಬಲೆಯನ್ನು ಮತ್ತೆ ಸಿಕ್ಕಿಸಿ. ನನ್ನದರಲ್ಲಿ ನಿಜವಾದ ಹಸಿರು ಕೂದಲು ಬಂದದ್ದು ಐದನೇ ವಾರ. ಅಲ್ಲಿಯವರೆಗೆ ಹಳೆ ಸ್ಪಂಜಿನ ಫಿಲ್ಟರ್ ತೆಗೆಯಬೇಡಿ, ನೀರು ಬದಲಿಸುವುದನ್ನೂ ಬಿಡಬೇಡಿ. ನಾನಂತೂ ಸ್ಪಂಜನ್ನು ಈಗಲೂ ತೆಗೆದಿಲ್ಲ.

ಇನ್ನು ಕೊಯ್ಲು. ಇದನ್ನು ಮಾಡದಿದ್ದರೆ ಎಲ್ಲವೂ ವ್ಯರ್ಥ. ಗೊಬ್ಬರ ಈಗ ಪಾಚಿಯ ಮೈಯಲ್ಲಿದೆ. ಪಾಚಿ ಬಲೆಯ ಮೇಲೆಯೇ ದಪ್ಪವಾದರೆ ಒಳಪದರಕ್ಕೆ ಬೆಳಕು ಸಿಗದೆ ಕೊಳೆತು, ತಿಂದದ್ದೆಲ್ಲ ನೀರಿಗೇ ವಾಪಸ್. ವಾರಕ್ಕೊಮ್ಮೆ ಬಲೆ ಬಿಚ್ಚಿ, ಸಿಂಕಿನಲ್ಲಿ ಹಿಡಿದು, ಉಗುರಿನಿಂದಲೋ ಹಳೆ ಎಟಿಎಂ ಕಾರ್ಡಿನಿಂದಲೋ ಕೆರೆಯಿರಿ. ಪೂರ್ತಿ ಬೋಳಿಸಬೇಡಿ, ಬೇರಿನಷ್ಟು ಉಳಿಯಲಿ. ಇದು ಸಿಹಿನೀರಿನ ಪಾಚಿ, ಆದ್ದರಿಂದ ಗಿಡದ ಬುಡಕ್ಕೆ ಹಾಕಬಹುದು. ಉಪ್ಪುನೀರಿನ ಟ್ಯಾಂಕಿನದಾದರೆ ಹಾಗೆ ಹಾಕಬೇಡಿ.

ಇಷ್ಟು ರಗಳೆ ಬೇಡ ಅನ್ನುವವರಿಗೆ ಒಂದು ಮಾತು. ಮನಿ ಪ್ಲಾಂಟಿನ ಬಳ್ಳಿಯ ಬೇರನ್ನು ಟ್ಯಾಂಕಿನ ನೀರಿಗೆ ಇಳಿಬಿಟ್ಟು ಎಲೆಗಳನ್ನು ಹೊರಗೆ ಬಿಡಿ. ನಿಧಾನ, ಆದರೆ ಅದೂ ನೈಟ್ರೇಟ್ ತಿನ್ನುತ್ತದೆ. ಎರಡು ಮೂರು ಸಣ್ಣ ಮೀನು ಇರುವ ಮನೆಗೆ ಅಷ್ಟೇ ಸಾಕು. ಗೋಲ್ಡ್ ಫಿಶ್ ಹೊಟ್ಟೆಬಾಕ. ಅದಕ್ಕೆ ಬಳ್ಳಿ ಸಾಲದು.

ನನ್ನ ಗಾಜು ಮೊದಲು ವಾರಕ್ಕೆ ಎರಡು ಸಲ ಒರೆಸಿಕೊಳ್ಳುತ್ತಿತ್ತು, ಈಗ ಮೂರು ವಾರಕ್ಕೊಮ್ಮೆ. ಕೆರೆದ ಪಾಚಿ ಪ್ರತಿ ಭಾನುವಾರ ಒಂದು ಹಿಡಿ ಬರುತ್ತದೆ. ಅದನ್ನು ದಾಸವಾಳದ ಕುಂಡಕ್ಕೆ ಹಾಕುವುದು ಅಮ್ಮನ ಕೆಲಸ. ಅಷ್ಟು ವರ್ಷ ಕಲ್ಲು ತಿಕ್ಕಿ ಚರಂಡಿಗೆ ಚೆಲ್ಲಿದ್ದನ್ನು ಮಗ ಈಗ ಕರೆಂಟು ಖರ್ಚು ಮಾಡಿ ಬೆಳೆಸುತ್ತಿದ್ದಾನೆ ಅಂತ ಅವರಿಗೆ ಇನ್ನೂ ನಗು.

ನಮಸ್ಕಾರ.