ಹಾಸಿಗೆ ಪಕ್ಕ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಇಂಟರ್ನ್‌ಗಳೆಲ್ಲ ಹಿಂದೆ, ನರ್ಸಿಂಗ್‌ನವರೆಲ್ಲ ಮುಂದೆ ಕೂತಿದ್ದೀರಿ. ಇರಲಿ. ಮುಂದಿನ ವಾರದಿಂದ ಐಸಿಯುನಲ್ಲಿ ಒಂದೇ ಹಾಸಿಗೆಯ ಆಚೆ ಈಚೆ ನಿಲ್ಲುವವರು ನೀವೇ ತಾನೇ!

ಐಸಿಯು ಹೇಗೆ ಹುಟ್ಟಿತು ಎಂದು ಮಾತಾಡಲು ಹೇಳಿದ್ದಾರೆ. ಅದಕ್ಕೆ ಒಬ್ಬರ ಕತೆ ಸಾಕು. ಡೆನ್ಮಾರ್ಕಿನ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್. 1915ರಲ್ಲಿ ಹುಟ್ಟಿದವರು. ಅಮೆರಿಕದ ಬಾಸ್ಟನ್‌ನಲ್ಲಿ ತರಬೇತಿ ಪಡೆದು 1950ರಲ್ಲಿ ಊರಿಗೆ ವಾಪಸ್ಸಾದರು. ಆಗ ಅರಿವಳಿಕೆಯವರಿಗೆ ಆಪರೇಷನ್ ಥಿಯೇಟರ್ ಬಿಟ್ಟರೆ ಹೊರಗೆ ಕೆಲಸವೇ ಇರಲಿಲ್ಲ.

1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್‌ಗೆ ಪೋಲಿಯೋ ಬಡಿಯಿತು. ನೀವು ಪೋಲಿಯೋ ರೋಗಿಯನ್ನು ನೋಡಿರಲಾರಿರಿ. ಲಸಿಕೆಯ ವೈರಸ್ಸಿನಿಂದ ಬಂದದ್ದನ್ನು ಬಿಟ್ಟರೆ ನಮ್ಮ ದೇಶದ ಕೊನೆಯ ಪ್ರಕರಣ 2011ರದು. ಅಲ್ಲಿ ಬ್ಲೆಗ್ಡಾಮ್ ಆಸ್ಪತ್ರೆಗೆ ದಿನಕ್ಕೆ 50 ಜನ ಬಂದ ದಿನಗಳಿದ್ದವು. ಉಸಿರಾಟದ ಸ್ನಾಯು ಸೋತವರಿಗೆ ಇದ್ದದ್ದು ಒಂದು ಕಬ್ಬಿಣದ ಶ್ವಾಸಕೋಶ, ಅಂದರೆ ಮೈಯನ್ನು ಒಳಗಿಟ್ಟು ಉಸಿರಾಡಿಸುವ ದೊಡ್ಡ ಪೆಟ್ಟಿಗೆ, ಮತ್ತು ಅದೇ ಕೆಲಸಕ್ಕೆ ಎದೆಗೆ ಕಟ್ಟುವ ಆರು ಕವಚಗಳು. ಮೊದಲು ಇವುಗಳಲ್ಲಿ ಇಟ್ಟ 31 ಮಂದಿಯಲ್ಲಿ 27 ಮಂದಿ ತೀರಿಹೋದರು.

ಸತ್ತವರ ರಕ್ತದಲ್ಲಿ ಬೈಕಾರ್ಬನೇಟ್ ಎಂಬ ಕ್ಷಾರ ಜಾಸ್ತಿ ಇತ್ತು. ಕ್ಷಾರ ಹೆಚ್ಚಿದೆ, ಕಾರಣ ಗೊತ್ತಿಲ್ಲ ಎಂದು ವಾರ್ಡಿನವರು ಕೈಚೆಲ್ಲಿದ್ದರು. ಇಬ್ಸೆನ್ ಅದೇ ರಿಪೋರ್ಟ್ ನೋಡಿ ಬೇರೆ ಮಾತು ಹೇಳಿದರು. ಇವರಿಗೆ ಉಸಿರು ಸಾಲುತ್ತಿಲ್ಲ, ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದುಬಿಟ್ಟಿದೆ, ಅದಕ್ಕೇ ಬೈಕಾರ್ಬನೇಟ್ ಏರಿದೆ ಎಂದರು. ಥಿಯೇಟರಿನಲ್ಲಿ ದಿನವೂ ಕೈಯಾರೆ ಉಸಿರು ಕೊಡುತ್ತಿದ್ದವರಿಗೆ ಅದು ಕಾಣಿಸಿತು. ವರ್ಷಗಟ್ಟಲೆ ಪೋಲಿಯೋ ನೋಡಿದವರಿಗೆ ಕಾಣಿಸಿರಲಿಲ್ಲ.

ಹಾಗಾದರೆ ಮಾಡಿ ತೋರಿಸಿ ಎಂದರು ವಾರ್ಡಿನವರು. ಆಗಸ್ಟ್ 27. 12 ವರ್ಷದ ಹುಡುಗಿ. ಕೈಕಾಲು ಬಿದ್ದುಹೋಗಿವೆ, ಮೈ ನೀಲಿ, ಬೆವರು ಸುರಿಯುತ್ತಿದೆ. ಕತ್ತಿನಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿದರು. ಅವಳು ಒದ್ದಾಡಿದಳು, ಗಾಳಿ ಒಳಗೆ ಹೋಗಲೇ ಇಲ್ಲ. ಇದು ಆಗದ ಕೆಲಸ ಎಂದು ನೋಡಲು ಬಂದಿದ್ದ ಡಾಕ್ಟರುಗಳು ಒಬ್ಬೊಬ್ಬರಾಗಿ ಹೊರಟುಬಿಟ್ಟರು. ಇಬ್ಸೆನ್ ಪ್ರಜ್ಞೆ ತಪ್ಪಿಸುವ ಔಷಧಿ ಥಯೋಪೆಂಟಾಲ್ ಕೊಟ್ಟರು. ಅವಳ ಸ್ವಂತ ಉಸಿರೂ ನಿಂತಿತು! ಆ ಕ್ಷಣ ಅವರ ಎದೆ ಹೇಗೆ ಹೊಡೆದುಕೊಂಡಿರಬೇಕು, ಯೋಚನೆ ಮಾಡಿ. ಈಗ ಟ್ಯೂಬಿಗೆ ಜೋಡಿಸಿದ ಗಾಳಿಯ ಬ್ಯಾಗ್ ಒತ್ತಿದರೆ ಎದೆ ಏರಿತು. ಮೈ ಬಣ್ಣ ತಿರುಗಿತು, ಬೆವರು ಆರಿತು. ಆಮೇಲೆ ಕವಚಕ್ಕೆ ಹಾಕಿ ನೋಡಿದರು. ಮತ್ತೆ ನೀಲಿ, ಮತ್ತೆ ಬೆವರು. ಬ್ಯಾಗ್ ಹಿಡಿದರು, ಮತ್ತೆ ಸರಿಹೋಯಿತು. ಇದಕ್ಕಿಂತ ಪುರಾವೆ ಬೇಕಾ? ಆ ಹುಡುಗಿ 1971ರವರೆಗೆ ಬದುಕಿದ್ದಳು.

ಸರಿ, ಒಬ್ಬಳಾಯಿತು. ಉಳಿದವರಿಗೆ? ಬ್ಯಾಗ್ ಒತ್ತುವವರು ಯಾರು? ವೈದ್ಯಕೀಯ ವಿದ್ಯಾರ್ಥಿಗಳು. ನಿಮ್ಮ ವಯಸ್ಸಿನವರೇ. ಸುಮಾರು 1,500 ಮಂದಿ, ಪಾಳಿ ಪ್ರಕಾರ ಕೂತು, ತಿಂಗಳುಗಟ್ಟಲೆ ಒತ್ತಿದರು. ಎಲ್ಲ ಸೇರಿ 1,65,000 ಗಂಟೆ ಎನ್ನುತ್ತಾರೆ. ಒಂದೇ ಹೊತ್ತಿಗೆ 70 ರೋಗಿಗಳು ಹೀಗೆ ಉಸಿರಾಡಿದ್ದೂ ಉಂಟು. ಸಾವು ನೂರಕ್ಕೆ 80ರ ಮೇಲಿದ್ದದ್ದು 40ರ ಆಸುಪಾಸಿಗೆ ಇಳಿಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ವೆಂಟಿಲೇಟರ್ ಖಾಲಿ ಇರಲಿಲ್ಲ. ತಮ್ಮನಿಗೆ ಅಣ್ಣನೇ ಬೆಳಗಿನವರೆಗೆ ಅಂಬು ಬ್ಯಾಗ್ ಒತ್ತಿದ. ನಮ್ಮಲ್ಲಿ ಯಾರೂ ಅವನ ಕೈ ಬಿಡಿಸಲಿಲ್ಲ. ಕೋಪನ್‌ಹೇಗನ್‌ನಲ್ಲೂ ಸಾಕಷ್ಟು ಯಂತ್ರ ಇರಲಿಲ್ಲ. ಆದರೆ ಅಲ್ಲಿ ಪಾಳಿ ಹಾಕಿದ್ದರು, ಕಲಿಸಿ ಕೂರಿಸಿದ್ದರು. ಅದಕ್ಕೇ ನಾನು ಯಾವ ಐಸಿಯುಗೆ ಹೋದರೂ ಮೊದಲು ಕೇಳುವುದು ಇಷ್ಟೇ: ಹಾಸಿಗೆ ಪಕ್ಕ ಯಾರಿದ್ದಾರೆ? ಎಷ್ಟು ವೆಂಟಿಲೇಟರ್ ಇವೆ ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿ ಮೂರಕ್ಕೆ ಎಷ್ಟು ನರ್ಸ್ ಇರುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಅಂಬು ಅಂದೆ, ಅಲ್ವಾ? ಅದೂ ಡೆನ್ಮಾರ್ಕಿನದೇ. 1956ರಲ್ಲಿ ಹೆನ್ನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ಸೇರಿ ಮಾಡಿದ್ದು. ಹಿಸುಕಿ ಬಿಟ್ಟರೆ ತಾನೇ ಉಬ್ಬುತ್ತದೆ, ಸಿಲಿಂಡರ್ ಇಲ್ಲದಿದ್ದರೂ ನಡೆಯುತ್ತದೆ.

ಪೋಲಿಯೋ ಇಳಿದ ಮೇಲೆ ಇಬ್ಸೆನ್ ಕೈಕಟ್ಟಿ ಕೂರಲಿಲ್ಲ. 1953ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್‌ನ ಮುನಿಸಿಪಲ್ ಆಸ್ಪತ್ರೆಯಲ್ಲಿ ಕಾಯಿಲೆ ಯಾವುದೇ ಇರಲಿ, ಹಗಲೂ ರಾತ್ರಿ ಬಿಡದೆ ನೋಡಿಕೊಳ್ಳುವ ಒಂದು ಕೋಣೆ ತೆರೆದರು. ಜಗತ್ತಿನ ಮೊದಲ ಐಸಿಯು ಅದೇ ಎನ್ನುತ್ತಾರೆ. ನೋಡಿ, ಅಲ್ಲೂ ಅದೇ. ಹಾಸಿಗೆ ಪಕ್ಕ ಸದಾ ಒಬ್ಬರು.

ಐದೇ ನಿಮಿಷ ಎಂದು ಚೀಟಿ ಬಂತು. ರಕ್ತದ ಅನಿಲ ಪರೀಕ್ಷೆ ಬೆಳೆದದ್ದು ಹೇಳಬೇಕಿತ್ತು, ಬಿಡುತ್ತೇನೆ. 2000ದ ಅಮೆರಿಕದ ಅಧ್ಯಯನ ಮಾತ್ರ ಹೇಳಿಬಿಡುತ್ತೇನೆ. ಶ್ವಾಸಕೋಶ ತೀರಾ ಕೆಟ್ಟ 861 ರೋಗಿಗಳು. ಒಂದೊಂದು ಉಸಿರಿಗೆ ದೇಹತೂಕದ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟವರಲ್ಲಿ ನೂರಕ್ಕೆ 39.8 ಮಂದಿ ಸತ್ತರು. 6 ಕೊಟ್ಟವರಲ್ಲಿ 31. ಜಾಸ್ತಿ ಕೊಟ್ಟರೆ ಒಳ್ಳೆಯದು ಎಂದುಕೊಂಡಿದ್ದೆವು. ಬ್ಯಾಗ್ ಹಿಡಿದಾಗಲೂ ಇದು ನೆನಪಿರಲಿ, ಎದೆ ಏರಿದರೆ ಸಾಕು.

ಸ್ಲೈಡ್ ಇನ್ನೂ ಇವೆ, ಇರಲಿ, ಪ್ರೊಜೆಕ್ಟರ್ ಆರಿಸಿಬಿಡಿ. ಆ ಮೇಜಿನ ಮೇಲೆ ನಾಲ್ಕು ಗೊಂಬೆ, ನಾಲ್ಕು ಬ್ಯಾಗ್ ಇವೆ. ಒಬ್ಬ ಇಂಟರ್ನ್, ಒಬ್ಬ ನರ್ಸಿಂಗ್ ವಿದ್ಯಾರ್ಥಿ ಜೋಡಿಯಾಗಿ ಬನ್ನಿ. ಆರು ಸೆಕೆಂಡಿಗೆ ಒಂದು ಉಸಿರು. ಹತ್ತು ನಿಮಿಷ ನಿಲ್ಲಿಸಬೇಡಿ. ಕೈ ನೋಯುತ್ತದೆ. ನೋವು ಶುರುವಾದಾಗ ಪಕ್ಕದವರಿಗೆ ಹೇಳಿ, ಅವರು ತಗೊಳ್ಳಲಿ.