ಬೆಲ್ಲ ಬೆವರುವ ಮುನ್ನ

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ. ನನ್ನ ಮಾತು ಗುಂಪು ಮತ್ತು ಅದರ ಮುಂದಾಳುತನದ ಬಗ್ಗೆ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರಿನ ಹಗ್ಗಕ್ಕೆ ನಿಮ್ಮಲ್ಲಿ ಅನೇಕರು ಕೈ ಹಾಕಿರುತ್ತೀರಿ. ನಾನೂ ಹಾಕಿದ್ದೇನೆ. ಇವತ್ತು ಒಂದು ಗುಟ್ಟು ಹೇಳಿಬಿಡುತ್ತೇನೆ. ನಾನು ಹಗ್ಗ ಹಿಡಿದಿದ್ದೆ ಅಷ್ಟೇ, ಎಳೆಯಲಿಲ್ಲ. ಅಷ್ಟೊಂದು ಜನ ಎಳೀತಿರುವಾಗ ನನ್ನೊಬ್ಬಳ ಬಲ ಯಾವ ಲೆಕ್ಕ, ಹಗ್ಗ ಮುಟ್ಟಿದ ಪುಣ್ಯ ಬಂದರೆ ಸಾಕು ಅಂದುಕೊಂಡಿದ್ದೆ.

ಈ ಕಳ್ಳಾಟವನ್ನು ಅಳೆದು ನೋಡಿದವನೊಬ್ಬ ಇದ್ದ. ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಅಂತ, ಫ್ರಾನ್ಸಿನ ಕೃಷಿ ಎಂಜಿನಿಯರ್. ಎತ್ತು, ಕುದುರೆ, ಯಂತ್ರ, ಮನುಷ್ಯ ಇವರ ಎಳೆತದ ಬಲ ಎಷ್ಟೆಷ್ಟು ಎಂದು ಲೆಕ್ಕ ಹಾಕುವುದು ಅವನ ಕೆಲಸ. ಒಬ್ಬೊಬ್ಬರಾಗಿ ಎಳೆಸಿದ, ಆಮೇಲೆ ಗುಂಪಾಗಿ ಎಳೆಸಿದ. ಎಂಟು ಜನ ಸೇರಿ ಎಳೆದಾಗ ಎಂಟು ಆಳಿನ ಬಲ ಬರಲಿಲ್ಲ, ಹೆಚ್ಚುಕಡಿಮೆ ನಾಲ್ಕು ಆಳಿನದು ಬಂತು. 1913ರಲ್ಲಿ ಇದನ್ನು ಅಚ್ಚು ಹಾಕಿಸಿದ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದೆ ಇರುವುದರಿಂದ ಹೀಗಾಗಿರಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಅದೂ ನಿಜ. ಆದರೆ 1974ರಲ್ಲಿ ಅಮೆರಿಕದ ಸಂಶೋಧಕರು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ನಿನ್ನ ಹಿಂದೆ ಇನ್ನೂ ಜನ ಎಳೀತಿದ್ದಾರೆ ಎಂದು ನಂಬಿಸಿದರು. ಹಿಂದೆ ಇದ್ದವರು ಎಳೆಯುತ್ತಲೇ ಇರಲಿಲ್ಲ. ಆದರೂ ಅವನ ಕೈ ಸಡಿಲಾಯಿತು.

ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಜೊತೆ ಬಹಳ ವರ್ಷ ಓಡಾಡಿದವಳು. ಸಂಘ ಕಟ್ಟುವುದು, ಪುಸ್ತಕ ಬರೆಯುವುದನ್ನು ಹೇಳಿಕೊಡುವುದು, ಬ್ಯಾಂಕಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಗುಂಪು ಎಂದರೆ ನನ್ನ ಕಣ್ಣಿಗೆ ಬರುವುದು ದೇವಸ್ಥಾನದ ಕಟ್ಟೆ ಮೇಲೆ ಚಾಪೆ ಹಾಸಿಕೊಂಡು ಕೂತ ಹನ್ನೆರಡೋ ಹದಿನಾಲ್ಕೋ ಹೆಂಗಸರು, ಮಧ್ಯದಲ್ಲಿ ಒಂದು ತಗಡಿನ ಪೆಟ್ಟಿಗೆ.

ಸಂಘಕ್ಕೆ ಹತ್ತರಿಂದ ಇಪ್ಪತ್ತು ಜನ ಇರಲಿ ಎನ್ನುವ ನಿಯಮ ನಿಮಗೆ ಗೊತ್ತಿರಬಹುದು. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದಾಗಿನಿಂದ ಇದು ನಡೆದುಕೊಂಡು ಬಂದಿದೆ, 2000–01ರಲ್ಲಿ ನಮ್ಮಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಲೂ ಹೆಚ್ಚೆಂದರೆ ಇಪ್ಪತ್ತೇ. ಇಪ್ಪತ್ತು ದಾಟಿದರೆ ಕಂಪನಿ ಕಾಯಿದೆಯ ಪ್ರಕಾರ ನೋಂದಣಿ ಮಾಡಿಸಬೇಕಾಗುತ್ತಿತ್ತು, ಅದೊಂದು ಕಾರಣ. ಇನ್ನೊಂದು ಕಾರಣ ಕಾಯಿದೆ ಪುಸ್ತಕದಲ್ಲಿಲ್ಲ. ಐದು ಜನ ಇದ್ದರೆ ಅವರ ನಡುವೆ ಹತ್ತು ಜೋಡಿ ಸಂಬಂಧ. ಹತ್ತು ಜನಕ್ಕೆ 45. ಇಪ್ಪತ್ತಾದರೆ 190. ಒಬ್ಬಳ ನಾದಿನಿ, ಇನ್ನೊಬ್ಬಳ ಹೊಲದ ಬದುವಿನ ಜಗಳ, ಮತ್ತೊಬ್ಬಳ ಮಗಳ ಮದುವೆ ಮಾತು, ಎಲ್ಲವೂ ಆ ಚಾಪೆ ಮೇಲೆ ಬಂದು ಕೂರುತ್ತವೆ. ಜನ ಎರಡರಷ್ಟಾದರೆ ತೊಡಕು ನಾಲ್ಕರಷ್ಟಾಗುತ್ತದೆ.

ತೇರಿನ ಹಗ್ಗದ ಕಳ್ಳಾಟ ಸಂಘದಲ್ಲಿ ಯಾಕೆ ಕಡಿಮೆ? ಆ ತೇರಿನ ತಿಪ್ಪೇರುದ್ರಸ್ವಾಮಿಯ ಮಾತೇ ಇದೆಯಲ್ಲ, ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಅಂತ. ಕೆರೆ ಕಟ್ಟಿಸಿದ ಸ್ವಾಮಿ ಅದು, ಮಣ್ಣು ಹೊತ್ತವರ ಲೆಕ್ಕ ಗೊತ್ತಿತ್ತು. ಯಾರು ಎಷ್ಟು ಮಾಡಿದರು ಎಂಬುದು ಕಾಣುವಂತಿದ್ದರೆ ಕೈ ಸಡಿಲಾಗುವುದಿಲ್ಲ. ಸಂಘದ ಪಂಚಸೂತ್ರ ಎಂದು ನಾವು ಹೇಳಿಕೊಡುತ್ತಿದ್ದದ್ದೂ ಬಹುಪಾಲು ಇದನ್ನೇ: ತಪ್ಪದ ಸಭೆ, ತಪ್ಪದ ಉಳಿತಾಯ, ಆ ಉಳಿತಾಯದಿಂದ ಸದಸ್ಯರಿಗೇ ಒಳಸಾಲ, ಹೊತ್ತಿಗೆ ಸರಿಯಾದ ಮರುಪಾವತಿ, ಅವತ್ತಿಂದ ಅವತ್ತೇ ಬರೆದ ಲೆಕ್ಕ. ಉಳಿತಾಯದ ದುಡ್ಡನ್ನು ಸಂಘ ಆರಿಸಿದ ಪ್ರತಿನಿಧಿಯ ಕೈಗೆ ದಾರಿಯಲ್ಲಿ ಕೊಟ್ಟು ಹೋಗುವುದು ಬೇರೆ, ಎಲ್ಲರೆದುರು ಚಾಪೆ ಮೇಲೆ ಇಟ್ಟು ಹೆಸರು ಕೂಗಿಸಿಕೊಳ್ಳುವುದು ಬೇರೆ. ದಾರಿಯಲ್ಲಿ ದುಡ್ಡು ತಗೊಳ್ಳುವ ಅಭ್ಯಾಸ ಬಂದ ಸಂಘ ವರ್ಷ ದಾಟಿದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನೇ ಒಂದು ಸಂಘವನ್ನು ಸಾಲಕ್ಕೆ ತಳ್ಳಿದೆ. ಅದನ್ನು ಹೇಳದೆ ಮುಂದಾಳುತನದ ಬಗ್ಗೆ ಉಪದೇಶ ಮಾಡಿದರೆ ತಪ್ಪಾಗುತ್ತದೆ.

ಚಳ್ಳಕೆರೆ ಕಡೆಯ ಒಂದು ಹಳ್ಳಿ. ಶೇಂಗಾ ಸೀಮೆ, ನಿಮಗೆ ಗೊತ್ತೇ ಇದೆ. ಶೇಂಗಾ ಚಿಕ್ಕಿ ಮಾಡಿ ಮಾರೋಣ ಎಂಬ ಯೋಚನೆ ನನ್ನ ತಲೆಗೆ ಬಂತು. ಸಭೆಗೆ ಹೋದೆ. ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿ ನನಗೆ ಹಾಕಿದರು, ಅವರೆಲ್ಲ ಕೆಳಗೆ. ಆ ಕುರ್ಚಿ ಮೇಲೆ ನಾನು ಕೂತದ್ದೇ ಮೊದಲ ತಪ್ಪು. ಬೆಲ್ಲ ಎಷ್ಟು, ಬೀಜ ಎಷ್ಟು, ಲಾಭ ಎಷ್ಟು ಎಂದು ಅರ್ಧ ಗಂಟೆ ಮಾತಾಡಿದೆ. ಕೊನೆಗೆ ‘ಏನಂತೀರಿ?’ ಅಂದೆ. ಪ್ರತಿನಿಧಿ ‘ಆಗ್ಲಿ ಮೇಡಮ್ಮ’ ಅಂದಳು. ಪಕ್ಕದವಳು ಆಗಲಿ ಅಂದಳು. ಆಗಲಿ ಎಂಬುದು ಚಾಪೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಎಂದು ಬರೆಸಿ, ಎಲ್ಲರ ಹೆಬ್ಬೆಟ್ಟು, ಸಹಿ ಹಾಕಿಸಿ, ಖುಷಿಯಾಗಿ ಬಸ್ಸು ಹತ್ತಿದೆ.

ಬೇಸಗೆಯಲ್ಲಿ ಚಿಕ್ಕಿ ಚೆನ್ನಾಗಿ ಬಂತು, ಮಾರಾಟವೂ ಆಯಿತು. ಮಳೆ ಹಿಡಿಯಿತು. ಕಟ್ಟಿಟ್ಟ ಚಿಕ್ಕಿಯೆಲ್ಲ ನೀರಾಡಿ ಕವರಿಗೆ ಅಂಟಿಕೊಂಡಿತು. ಅಂಗಡಿಯವರು ವಾಪಸ್ ಕಳಿಸಿದರು. ಮೂಲೆಯಲ್ಲಿ ಕೂರುತ್ತಿದ್ದ ಒಬ್ಬ ಅಜ್ಜಿ, ಮಿಠಾಯಿ ಅಂಗಡಿಯ ಒಲೆ ಮುಂದೆ ಎಷ್ಟೋ ವರ್ಷ ಕೂಲಿ ಮಾಡಿದವಳಂತೆ, ಆ ದಿನ ಹೇಳಿದಳು: ‘ಮಳೆಗಾಲ್ದಾಗೆ ಬೆಲ್ಲ ಬೆವರ್ತೈತೆ ಕಣಮ್ಮ. ಪಾಕ ಇನ್ನೂ ಬಿಗಿ ಇರ್ಬೇಕು, ಗಾಳಿ ಆಡ್ದಂಗೆ ಡಬ್ಬಿಗೆ ತುಂಬ್ಬೇಕು.’

‘ಮೊದ್ಲೇ ಹೇಳ್ಬಾರ್ದಿತ್ತೇನಜ್ಜಿ?’ ಅಂದೆ.

‘ನೀನೆಲ್ಲಿ ಕೇಳ್ದೆ?’ ಅಂದಳು.

ಕೇಳಿದ್ದೆ ಎಂದೇ ನಾನು ತಿಳಿದಿದ್ದೆ. ಆಮೇಲೆ ಒಬ್ಬೊಬ್ಬರನ್ನೇ ವಿಚಾರಿಸಿದರೆ ನಾಲ್ಕೈದು ಜನಕ್ಕೆ ಮೊದಲಿನಿಂದಲೂ ಅಳುಕಿತ್ತು. ಉಳಿದವರಿಗೆಲ್ಲ ಇಷ್ಟವಿದೆ, ನಾನ್ಯಾಕೆ ಕಲ್ಲು ಹಾಕಲಿ ಎಂದು ಪ್ರತಿಯೊಬ್ಬಳೂ ಸುಮ್ಮನಿದ್ದಳು.

1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪರೀಕ್ಷೆ ಮಾಡಿದ್ದ. ಮೂರು ಗೆರೆ ತೋರಿಸಿ, ಇವುಗಳಲ್ಲಿ ಈ ಗೆರೆಯಷ್ಟೇ ಉದ್ದದ್ದು ಯಾವುದು ಎಂಬ ಪ್ರಶ್ನೆ. ಮಗು ಕೂಡ ಹೇಳುವಂಥದ್ದು. ಆದರೆ ಮೊದಲು ಉತ್ತರಿಸುವವರೆಲ್ಲ ಆಶ್ ಹೇಳಿಕೊಟ್ಟಂತೆ ಬೇಕೆಂದೇ ತಪ್ಪು ಹೇಳುತ್ತಾರೆ. ಪಾಪ, ಇದು ಗೊತ್ತಿಲ್ಲದೆ ಸರದಿಯ ಕೊನೆಯ ಹತ್ತಿರ ಕೂತವನು ಕಣ್ಣಿಗೆ ಕಾಣುವ ಗೆರೆ ಬಿಟ್ಟು ಅವರ ಉತ್ತರವನ್ನೇ ಹೇಳುತ್ತಿದ್ದ, ಸುಮಾರು ಮೂರರಲ್ಲಿ ಒಂದು ಸಲ. ಎಲ್ಲರೂ ಅಲ್ಲ, ಕೆಲವರು ಒಮ್ಮೆಯೂ ಬಗ್ಗಲಿಲ್ಲ. ನನಗೆ ಬಹಳ ಹಿಡಿಸಿದ್ದು ಇದರ ಮುಂದಿನ ಭಾಗ. ಗುಂಪಿನಲ್ಲಿ ಒಬ್ಬನಾದರೂ ಸರಿ ಉತ್ತರ ಹೇಳಿದರೆ ಈ ತಪ್ಪು ಮೊದಲಿನ ಕಾಲುಭಾಗಕ್ಕೆ ಇಳಿಯುತ್ತಿತ್ತು. ಅಜ್ಜಿ ಅವತ್ತು ‘ಬೆಲ್ಲ ಬೆವರ್ತೈತೆ’ ಅಂದಿದ್ದರೆ ಉಳಿದ ನಾಲ್ವರಿಗೂ ಬಾಯಿ ಬರುತ್ತಿತ್ತು. ಅಜ್ಜಿಯ ಬಾಯಿ ತೆರೆಸುವುದು ನನ್ನ ಕೆಲಸವಾಗಿತ್ತು, ನಾನು ಲಾಭದ ಲೆಕ್ಕ ಹೇಳುತ್ತಾ ಕೂತಿದ್ದೆ.

ಹಾಗಾದರೆ ಮುಂದಾಳು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೇ? ಅದೂ ಅಲ್ಲ. ಎಲ್ಲ ನೀವೇ ನೋಡಿಕೊಳ್ಳಿ ಎಂದು ಕೈ ಬಿಟ್ಟ ಸಂಘಗಳು ಎರಡೇ ತಿಂಗಳಿಗೆ ಚದುರಿದ್ದನ್ನೂ ಕಂಡಿದ್ದೇನೆ. 1930ರ ದಶಕದ ಕೊನೆಯಲ್ಲಿ ಕರ್ಟ್ ಲೆವಿನ್ ಮತ್ತು ಅವನ ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಹುಡುಗರ ಪುಟ್ಟ ಗುಂಪುಗಳಿಗೆ ಮುಖವಾಡ ಮುಂತಾದವನ್ನು ಮಾಡುವ ಕೆಲಸ ಕೊಟ್ಟಿದ್ದರು. ಒಂದು ಕಡೆ ಗದರಿಸಿ ಮಾಡಿಸುವ ಮುಂದಾಳು, ಒಂದು ಕಡೆ ಕೇಳಿ ಸೇರಿ ಮಾಡುವವನು, ಇನ್ನೊಂದು ಕಡೆ ಏನೂ ಹೇಳದೆ ಬಿಟ್ಟವನು. ಗದರುವವನು ಎದುರಿಗಿದ್ದಷ್ಟು ಹೊತ್ತು ಕೆಲಸ ಜೋರು. ಅವನು ಹೊರಗೆ ಹೋದ ಕೂಡಲೇ ಬಹುಪಾಲು ನಿಂತಿತು. ಕೇಳಿ ಮಾಡುವವನು ಎದ್ದು ಹೋದರೂ ಅವನ ಹುಡುಗರ ಕೈ ನಡೆಯುತ್ತಲೇ ಇತ್ತು. ನಿಮ್ಮ ಸಂಘ, ನಿಮ್ಮ ಭಜನಾ ಮೇಳ, ನಿಮ್ಮ ಶಾಲಾಭಿವೃದ್ಧಿ ಸಮಿತಿ ಹೇಗಿದೆ ಎಂದು ತಿಳಿಯಬೇಕಾದರೆ ನೀವು ಒಂದು ಸಭೆಗೆ ಹೋಗದೆ ಇದ್ದು ನೋಡಿ.

ಚಿಕ್ಕಿ ಸಾಲ ತೀರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಕೆಲವು ಅಭ್ಯಾಸ ಬದಲಿಸಿಕೊಂಡೆ. ಕುರ್ಚಿ ಬಿಟ್ಟು ಚಾಪೆಗೆ ಇಳಿದೆ, ಸಾಲಾಗಿ ಅಲ್ಲ, ದುಂಡಗೆ ಕೂರುವುದು ಅಂತಾಯಿತು. ನನ್ನ ಅಭಿಪ್ರಾಯ ಕೊನೆಗೆ, ಅದೂ ಕೇಳಿದರೆ ಮಾತ್ರ. ‘ಏನಂತೀರಿ?’ ಎಂದು ಎಲ್ಲರನ್ನೂ ಒಟ್ಟಿಗೆ ಕೇಳುವುದು ಬಿಟ್ಟು, ಬಾಗಿಲ ಪಕ್ಕ ಕೂತವಳಿಂದ ಶುರು ಮಾಡಿ, ಹೆಸರು ಹಿಡಿದು ‘ಇದರಲ್ಲಿ ತೊಂದರೆ ಏನು ಬರಬಹುದು ಹೇಳವ್ವ’ ಎಂದು ಕೇಳತೊಡಗಿದೆ. ಒಪ್ಪಿಗೆ ಕೇಳಿದರೆ ತಲೆ ಆಡಿಸುತ್ತಾರೆ, ತೊಂದರೆ ಕೇಳಿದರೆ ಯೋಚನೆ ಮಾಡುತ್ತಾರೆ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ, ಪುಸ್ತಕ ಮೂರನೆಯವರ ಹತ್ತಿರ. ಪ್ರತಿನಿಧಿಗಳು ಸರದಿಯಲ್ಲಿ ಬದಲಾಗಬೇಕು. ಈ ಕೊನೆಯದಕ್ಕೆ ಹಳೆಯ ಪ್ರತಿನಿಧಿ ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದಳು.

ಅದೇ ಸಂಘ ಆಮೇಲೆ ಮದುವೆ ಮುಂಜಿಗೆ ಬಾಡಿಗೆ ಕೊಡಲು ಅಡುಗೆ ಪಾತ್ರೆ ಕೊಳ್ಳುವ ವಿಚಾರ ಎತ್ತಿತು. ನನಗೆ ಅದು ಒಳ್ಳೆಯದೇ ಅನ್ನಿಸಿತ್ತು, ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನ ತಡೆದುಕೊಳ್ಳುವುದು ಎಷ್ಟು ಕಷ್ಟ ಎಂದು ಸಭೆ ನಡೆಸಿದವರಿಗೇ ಗೊತ್ತು. ಆಮೇಲೆ ಅಜ್ಜಿ, ‘ಪಾತ್ರೆ ಇಡಾದೆಲ್ಲಿ?’ ಅಂದಳು. ಇನ್ನೊಬ್ಬಳು, ‘ನೆಂಟ್ರು ಬಾಡ್ಗೆ ಕೊಡ್ದಿದ್ರೆ ಕೇಳಾರ್ಯಾರು?’ ಅಂದಳು. ಮತ್ತೊಬ್ಬಳು ಸೌಟು ಕಳೆದರೆ ದಂಡ ಎಷ್ಟು ಎಂದು ಶುರು ಮಾಡಿದಳು. ಸೌಟಿನ ದಂಡದ ಮೇಲೆಯೇ ಮುಕ್ಕಾಲು ಗಂಟೆ ಜಗಳ ನಡೆಯಿತು. ಆ ಹೊತ್ತಿಗೆ ನನ್ನ ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಅವತ್ತು ಅಜ್ಜಿ ಮನೆಯಲ್ಲೇ ಮುದ್ದೆ ಉಂಡು ಮಲಗಿದೆ.

ನಮಸ್ಕಾರ.